ಒಳಗೆ ಸಂಕೋಚ, ಹೊರಗೆ ಬಿಗುಮಾನ

ಪ್ರಶ್ನೆ: ನನಗೀಗ 36 ವರ್ಷ. ಹನ್ನೊಂದು ವರ್ಷದಿಂದ ಒಂದೇ ಕಚೇರಿಯಲ್ಲಿದ್ದೇನೆ. ಕಳೆದ ವರ್ಷ ಬಡ್ತಿ ಸಿಕ್ಕಿ ಏಳು ಜನರ ತಂಡದ ಜವಾಬ್ದಾರಿ ಬಂತು. ಚಿಕ್ಕಂದಿನಿಂದಲೂ ನನಗೆ ಸಂಕೋಚ ಜಾಸ್ತಿ. ಜನರ ಜೊತೆ ಏನು ಮಾತಾಡಬೇಕೆಂದೇ ತೋಚುವುದಿಲ್ಲ. ಅದನ್ನು ಕೆಲಸದಲ್ಲಿ ಸರಿದೂಗಿಸಿಕೊಂಡು ಬಂದಿದ್ದೇನೆ. ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತೇನೆ, ತಪ್ಪು ಉಳಿಯಗೊಡುವುದಿಲ್ಲ, ಯಾರ ವಿಷಯಕ್ಕೂ ತಲೆ ಹಾಕುವುದಿಲ್ಲ, ಯಾರ ಮೇಲೂ ಚಾಡಿ ಹೇಳಿದವಳಲ್ಲ. ಎರಡು ತಿಂಗಳ ಹಿಂದೆ ತಂಡದ ಒಬ್ಬಾಕೆ ಇನ್ನೊಬ್ಬರ ಹತ್ತಿರ, “ಅವರಿಗೆ ಬಿಗುಮಾನ. ನಾವೆಲ್ಲ ಅವರ ಕಣ್ಣಿಗೆ ಮನುಷ್ಯರೇ ಅಲ್ಲ” ಎನ್ನುತ್ತಿದ್ದದ್ದು ಅಕಸ್ಮಾತ್ ಕಿವಿಗೆ ಬಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಓರಗಿತ್ತಿಯೂ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ತಂಡದಾಕೆಯ ಮಾತು ಕೇಳಿದ ಆ ದಿನದಿಂದ ಮಧ್ಯಾಹ್ನದ ಊಟಕ್ಕೂ ಅವರೊಟ್ಟಿಗೆ ಕೂರುತ್ತಿಲ್ಲ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಮಾತು. ನನ್ನ ಮನಸ್ಸಿನಲ್ಲಿ ಇಲ್ಲದ್ದು ಅವರಿಗೆ ಹೇಗೆ ಕಾಣಿಸಿತು? ಸ್ವಭಾವವನ್ನೇ ಬದಲಿಸಿಕೊಳ್ಳಬೇಕೇ? ಆಕೆಯನ್ನು ಕೂರಿಸಿಕೊಂಡು ನಾನು ಅಂಥವಳಲ್ಲ ಎಂದು ಹೇಳಿಬಿಡಲೇ? ಮುಂದಿನ ತಿಂಗಳು ಇನ್ನಿಬ್ಬರು ಹೊಸಬರು ತಂಡಕ್ಕೆ ಸೇರುತ್ತಿದ್ದಾರೆ. ಈಗಿನಿಂದಲೇ ಎದೆ ಹೊಡೆದುಕೊಳ್ಳುತ್ತಿದೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ನನ್ನ ಮನಸ್ಸಿನಲ್ಲಿ ಇಲ್ಲ’ ಎಂಬ ಮಾತು ಅದರಲ್ಲಿ ಎರಡು ಕಡೆ ಬಂದಿದೆ. ಅದು ನಿಜವೆಂದೇ ನಂಬುತ್ತೇನೆ. ಆದರೆ ನಿಮ್ಮ ಮನಸ್ಸಿನೊಳಗೆ ಇಣುಕಿ ನೋಡುವ ಕಿಂಡಿ ನಿಮ್ಮೊಬ್ಬರ ಹತ್ತಿರ ಮಾತ್ರ ಇದೆ. ಉಳಿದವರಿಗೆ ಸಿಗುವುದು ನಿಮ್ಮ ಮುಖ, ನಿಮ್ಮ ದನಿ, ನೀವು ಎಲ್ಲಿ ಕೂರುತ್ತೀರಿ, ಯಾರನ್ನು ಕಂಡು ತಲೆ ಎತ್ತುತ್ತೀರಿ, ಕೇಳಿದ್ದಕ್ಕೆ ಎಷ್ಟು ಉದ್ದದ ಉತ್ತರ ಕೊಡುತ್ತೀರಿ ಎಂಬುದಷ್ಟೇ. ಅಷ್ಟರಿಂದಲೇ ಅವರು ನಿಮ್ಮನ್ನು ಕಟ್ಟಿಕೊಳ್ಳಬೇಕು. ಹಾಗೆ ಕಟ್ಟಿಕೊಂಡದ್ದು ತಪ್ಪಾಗಿರಬಹುದು. ಹಾಗೆಂದು ಅದು ಸುಳ್ಳು ಆರೋಪವೂ ಅಲ್ಲ, ದ್ವೇಷವೂ ಅಲ್ಲ. ಇದ್ದ ಸಾಮಗ್ರಿಯಲ್ಲಿ ಅವರು ಮಾಡಿಕೊಂಡ ಊಹೆ.

1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಿನಲ್ಲೇ ಹಾಡಿಕೊಂಡು, ಅದರ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ತಟ್ಟಬೇಕು. ಎದುರಿಗೆ ಕೂತವರು ಅದು ಯಾವ ಹಾಡೆಂದು ಹೇಳಬೇಕು. ತಟ್ಟುವವರನ್ನು ಮೊದಲೇ ಕೇಳಿದಾಗ, ಅರ್ಧಕ್ಕರ್ಧ ಜನ ಗುರುತಿಸುತ್ತಾರೆ ಎಂದರು. ಒಟ್ಟು 120 ಸಲ ತಟ್ಟಿದ್ದರಲ್ಲಿ ಕೇಳುಗರು ಗುರುತಿಸಿದ್ದು ಮೂರೇ ಮೂರು. ತಟ್ಟುವವರ ಕಿವಿಯಲ್ಲಿ ರಾಗ, ಪದ, ವಾದ್ಯ ಎಲ್ಲ ಸೇರಿ ಪೂರ್ತಿ ಹಾಡು ಕೇಳುತ್ತಿರುತ್ತದೆ. ಎದುರಿಗಿರುವವರಿಗೆ ಕೇಳುವುದು ಮರದ ಮೇಲಿನ ಟಕಟಕ ಮಾತ್ರ. ನಿಮ್ಮ ತಂಡಕ್ಕೂ ನಿಮಗೂ ನಡುವೆ ಹನ್ನೆರಡು ತಿಂಗಳಿಂದ ನಡೆದಿರುವುದು ಇದೇ ಎಂದು ನನಗನ್ನಿಸುತ್ತದೆ. ‘ಇವರಿಗೆ ಏನು ಹೇಳಲಿ, ಹೇಳಿದ್ದು ತಪ್ಪಾದರೆ’ ಎಂದು ನಿಮ್ಮೊಳಗೆ ದೊಡ್ಡ ಗದ್ದಲ. ಹೊರಗೆ, ಲಿಫ್ಟಿನಲ್ಲಿ ಮೊಬೈಲ್ ನೋಡುತ್ತಾ ನಿಂತ ಒಬ್ಬ ಮೇಲಧಿಕಾರಿ.

ಈ ದೃಶ್ಯಕ್ಕೆ ‘ಬಿಗುಮಾನ’ ಎಂಬ ಹೆಸರೇ ಏಕೆ ಬೀಳಬೇಕು, ‘ಸಂಕೋಚ’ ಎಂದು ಯಾರೂ ಏಕೆ ಊಹಿಸಲಿಲ್ಲ ಎಂದು ನೀವು ಕೇಳಬಹುದು. ಮನುಷ್ಯರಿಗೆ ಒಂದು ಹಳೆಯ ಅಭ್ಯಾಸವಿದೆ. ನಾವು ತಡವಾಗಿ ಬಂದರೆ ಅದಕ್ಕೆ ದಾರಿಯ, ಮಳೆಯ, ಮಗುವಿನ ಜ್ವರದ ಕಾರಣವಿರುತ್ತದೆ. ಇನ್ನೊಬ್ಬರು ತಡವಾಗಿ ಬಂದರೆ ಅವರು ಬೇಜವಾಬ್ದಾರಿ ಮನುಷ್ಯರಾಗುತ್ತಾರೆ. ಕಣ್ಣಿಗೆ ಬಿದ್ದ ನಡೆಯಿಂದ ನೇರವಾಗಿ ಗುಣಕ್ಕೆ ಹಾರುವ ಈ ಒಲವನ್ನು ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಆರೋಪಣೆಯ, ಅಂದರೆ ನಡೆಗೆ ಕಾರಣ ಹಚ್ಚುವುದರ, ಮೂಲಭೂತ ದೋಷವೆಂದು ಕರೆದರು. ಅದಕ್ಕೂ ಹತ್ತು ವರ್ಷ ಮೊದಲು, 1967ರಲ್ಲಿ, ಜೋನ್ಸ್ ಮತ್ತು ಹ್ಯಾರಿಸ್ ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೊ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಜನರಿಗೆ ಓದಲು ಕೊಟ್ಟಿದ್ದರು. ಯಾವ ಪಕ್ಷ ವಹಿಸಿ ಬರೆಯಬೇಕೆಂದು ಬೇರೆಯವರು ತೀರ್ಮಾನಿಸಿದ್ದರು, ಬರೆದವರಿಗೆ ಆಯ್ಕೆಯೇ ಇರಲಿಲ್ಲ ಎಂದು ತಿಳಿಸಿದ ಮೇಲೂ, ಓದಿದವರು ಬರಹಗಾರರ ನಿಜವಾದ ಅಭಿಪ್ರಾಯವೇ ಅದೆಂಬ ಕಡೆಗೇ ವಾಲಿದರು. ಕಾರಣ ಹೇಳಿದಾಗಲೇ ಹೀಗೆ. ನೀವಂತೂ ಕಾರಣವನ್ನು ಯಾರಿಗೂ ಹೇಳಿಲ್ಲ.

ಇದರ ಜೊತೆಗೆ ಬಡ್ತಿ ಸೇರಿತು. ಸಮಾನರ ನಡುವೆ ಒಬ್ಬರು ಸುಮ್ಮನಿದ್ದರೆ ‘ಪಾಪ, ಮಾತು ಕಡಿಮೆ’ ಎನ್ನುತ್ತಾರೆ. ಅವರೇ ಮೇಲಿನ ಕುರ್ಚಿಗೆ ಹೋಗಿ ಸುಮ್ಮನಿದ್ದರೆ ಆ ಮೌನಕ್ಕೆ ಬೇರೆ ಅರ್ಥ ಹುಟ್ಟುತ್ತದೆ. ನೀವು ಬದಲಾಗದಿದ್ದರೂ ನಿಮ್ಮ ಮೌನ ಬದಲಾಗಿದೆ. ನಿಮ್ಮ ಕೈಯಲ್ಲಿ ಅವರ ರಜೆ, ಅವರ ವರ್ಷದ ಮೌಲ್ಯಮಾಪನ ಇವೆ. ಅಂಥವರ ಮುಖವನ್ನು ಜನ ಎಚ್ಚರದಿಂದ ಓದುತ್ತಾರೆ. ಹುಬ್ಬು ಗಂಟಿಕ್ಕಿದರೂ ಅದು ತಮ್ಮ ಮೇಲೆಯೇ ಎಂದುಕೊಳ್ಳುತ್ತಾರೆ. ಬಡ್ತಿ ಸಿಕ್ಕ ಅನೇಕರು ನನ್ನ ಹತ್ತಿರ ಬಂದು ‘ನಾನು ಮೊದಲಿನ ಹಾಗೇ ಇದ್ದೇನಲ್ಲ’ ಎಂದು ನೊಂದುಕೊಳ್ಳುವುದುಂಟು. ಮೊದಲಿನ ಹಾಗೇ ಇದ್ದದ್ದೇ ಅಲ್ಲಿ ತೊಡಕಾಗಿತ್ತು.

ಇನ್ನೊಂದು ಮುಖ್ಯ ವಿಷಯ. ನೀವು ನಿಮ್ಮ ಪರವಾಗಿ ಬರೆದ ಸಾಲುಗಳನ್ನು ನೋಡಿ. ಹೇಳಿದ ದಿನಕ್ಕೆ ಕೆಲಸ, ತಪ್ಪಿಲ್ಲ, ತಲೆ ಹಾಕುವುದಿಲ್ಲ, ಚಾಡಿಯಿಲ್ಲ. ಎಲ್ಲವೂ ಒಳ್ಳೆಯವೇ. ಆದರೆ ಅವೆಲ್ಲ ‘ಈಕೆಯನ್ನು ನೆಚ್ಚಬಹುದೇ’ ಎಂಬ ಪ್ರಶ್ನೆಗೆ ಉತ್ತರ. ನಿಮ್ಮ ತಂಡದವರು ಕೇಳಿಕೊಳ್ಳುತ್ತಿರುವ ಪ್ರಶ್ನೆ ‘ಈಕೆಗೆ ನಾವು ಬೇಕೇ’ ಎಂಬುದು. 1946ರಲ್ಲಿ ಸಾಲಮನ್ ಆಶ್ ಒಬ್ಬ ವ್ಯಕ್ತಿಯನ್ನು ಏಳು ಪದಗಳಲ್ಲಿ ಬಣ್ಣಿಸಿ ಎರಡು ಗುಂಪುಗಳ ಮುಂದಿಟ್ಟರು. ಬುದ್ಧಿವಂತ, ಕುಶಲ, ಶ್ರಮಜೀವಿ, ದೃಢ ಮನಸ್ಸಿನವ, ವ್ಯವಹಾರಜ್ಞ, ಎಚ್ಚರಿಕೆಯವ ಎಂಬ ಆರು ಪದಗಳು ಎರಡೂ ಕಡೆ ಒಂದೇ. ಏಳನೆಯದು ಮಾತ್ರ ಒಂದು ಗುಂಪಿಗೆ ‘ಆತ್ಮೀಯ’, ಇನ್ನೊಂದಕ್ಕೆ ‘ಭಾವಶೂನ್ಯ’ ಎನ್ನುವ ಅರ್ಥದ ಪದ. ಈ ವ್ಯಕ್ತಿ ಉದಾರಿಯೇ ಎಂದು ಕೇಳಿದಾಗ ಮೊದಲ ಗುಂಪಿನಲ್ಲಿ ಶೇ. 91ರಷ್ಟು ಜನ ಹೌದೆಂದರು, ಎರಡನೆಯದರಲ್ಲಿ ಶೇ. 8ರಷ್ಟು. ಆದರೆ ನೆಚ್ಚಬಹುದಾದ ವ್ಯಕ್ತಿಯೇ ಎಂದಾಗ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೌದೆಂದಿದ್ದರು. ನಿಮ್ಮ ತಂಡದ ಆ ಹೆಣ್ಣುಮಗಳು ನಿಮ್ಮ ಕೆಲಸದ ಬಗ್ಗೆ ಒಂದು ಮಾತೂ ಆಡಿಲ್ಲ ಎಂಬುದನ್ನು ಗಮನಿಸಿದಿರಾ? ಆ ಪರೀಕ್ಷೆಯಲ್ಲಿ ನೀವು ಎಂದೋ ಪಾಸಾಗಿದ್ದೀರಿ. ಅಲ್ಲಿ ಇನ್ನಷ್ಟು ಅಂಕ ಗಳಿಸಿದರೆ ಈ ಕೊರತೆ ತುಂಬುವುದಿಲ್ಲ. ಹನ್ನೊಂದು ವರ್ಷ ನೀವು ಪಟ್ಟ ಶ್ರಮವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಸಂಕೋಚವಿರುವ ಎಷ್ಟೋ ಜನ ಪ್ರೀತಿಯ ಲೆಕ್ಕದ ಸಾಲವನ್ನು ಕೆಲಸದ ಲೆಕ್ಕದಲ್ಲಿ ತೀರಿಸುತ್ತಾ ದಣಿಯುವುದನ್ನು ನೋಡಿ ಬೇಸರಪಟ್ಟು ಹೇಳುತ್ತಿದ್ದೇನೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲಿಗೆ ಬರುತ್ತೇನೆ. ‘ಆ ದಿನದಿಂದ ಊಟಕ್ಕೂ ಅವರೊಟ್ಟಿಗೆ ಕೂರುತ್ತಿಲ್ಲ.’ ನೋವಾದಾಗ ಹಿಂದೆ ಸರಿಯುವುದು ಸಹಜ. ಆದರೆ ಆ ಮಾತು ಆಡಿದಾಕೆಯ ಜಾಗದಲ್ಲಿ ನಿಂತು ನೋಡಿ. ನೀವು ಕೇಳಿಸಿಕೊಂಡಿರೆಂದು ಆಕೆಗೆ ಗೊತ್ತಿಲ್ಲ. ಆಕೆಗೆ ಗೊತ್ತಿರುವುದು ಇಷ್ಟೇ: ಮೊದಲು ಊಟಕ್ಕಾದರೂ ಜೊತೆಗೆ ಬರುತ್ತಿದ್ದವರು ಈಗ ಅದನ್ನೂ ಬಿಟ್ಟರು. ಆಗ ಅದು ಅನುಮಾನವಾಗಿತ್ತು. ಈ ಎರಡು ತಿಂಗಳಲ್ಲಿ ನೀವೇ ಕೈಯಾರೆ ಅದಕ್ಕೆ ಪುರಾವೆ ಒದಗಿಸಿದ್ದೀರಿ.

1986ರಲ್ಲಿ ರೆಬೆಕಾ ಕರ್ಟಿಸ್ ಮತ್ತು ಕಿಮ್ ಮಿಲ್ಲರ್ ಈ ಸುಳಿಯನ್ನು ಪ್ರಯೋಗದಲ್ಲಿ ತೋರಿಸಿದರು. ಪರಸ್ಪರ ಪರಿಚಯವಿಲ್ಲದ ಇಬ್ಬರನ್ನು ಸ್ವಲ್ಪ ಹೊತ್ತು ಭೇಟಿ ಮಾಡಿಸಿದರು. ಆಮೇಲೆ ಒಬ್ಬರನ್ನು ಪಕ್ಕಕ್ಕೆ ಕರೆದು ‘ಅವರಿಗೆ ನೀವು ಇಷ್ಟವಾಗಿದ್ದೀರಿ’ ಎಂದೋ, ‘ಇಷ್ಟವಾಗಿಲ್ಲ’ ಎಂದೋ ನಂಬಿಸಿದರು. ಆ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಇನ್ನೊಬ್ಬರಿಗೆ ಇದರ ಸುಳಿವೂ ಇರಲಿಲ್ಲ. ಮತ್ತೆ ಇಬ್ಬರನ್ನೂ ಮಾತಿಗೆ ಕೂರಿಸಿದಾಗ, ಇಷ್ಟವಾಗಿದ್ದೇನೆ ಎಂದು ನಂಬಿದವರು ತಮ್ಮ ವಿಷಯ ಹೆಚ್ಚು ಹೇಳಿಕೊಂಡರು, ದನಿ ಹಿತವಾಗಿತ್ತು, ಭಿನ್ನಾಭಿಪ್ರಾಯ ಕಡಿಮೆಯಿತ್ತು. ಇಷ್ಟವಾಗಿಲ್ಲ ಎಂದು ನಂಬಿದವರು ಬಿಗಿದುಕೊಂಡರು. ಕೊನೆಯಲ್ಲಿ ಎದುರಿನವರನ್ನು ಕೇಳಿದರೆ, ಮೊದಲ ಬಗೆಯವರು ಅವರಿಗೆ ನಿಜವಾಗಿಯೇ ಹೆಚ್ಚು ಇಷ್ಟವಾಗಿದ್ದರು. ಆಧಾರವಿಲ್ಲದ ಒಂದು ಮಾತು, ಅದನ್ನು ನಂಬಿದವರ ವರ್ತನೆಯ ಮೂಲಕ ಹಾದು ಹೋಗಿ, ನಿಜವಾಯಿತು.

ಇದೇ ಸುಳಿ ಎದುರು ದಿಕ್ಕಿನಲ್ಲೂ ತಿರುಗುತ್ತದೆ. 1977ರಲ್ಲಿ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು ಗಂಡಸರಿಗೆ ಒಂದು ಫೋಟೊ ತೋರಿಸಿ, ಈ ಮಹಿಳೆಯ ಜೊತೆ ಫೋನಿನಲ್ಲಿ ಮಾತಾಡಿ ಎಂದರು. ಕೆಲವರಿಗೆ ಸುಂದರಿಯ ಫೋಟೊ, ಕೆಲವರಿಗೆ ಸಾಧಾರಣ ರೂಪದವರದು. ಫೋಟೊಕ್ಕೂ ಫೋನಿನ ಆ ತುದಿಯಲ್ಲಿದ್ದವರಿಗೂ ಸಂಬಂಧವಿರಲಿಲ್ಲ. ಆಮೇಲೆ ಮಹಿಳೆಯರ ಮಾತನ್ನಷ್ಟೇ ಪ್ರತ್ಯೇಕಿಸಿ, ಏನೂ ಅರಿಯದ ಬೇರೆಯವರಿಗೆ ಕೇಳಿಸಿದರು. ಸುಂದರಿ ಎಂದು ಭಾವಿಸಿ ಯಾರೊಡನೆ ಮಾತಾಡಿದ್ದರೋ ಆ ಮಹಿಳೆಯರ ದನಿಯಲ್ಲೇ ಹೆಚ್ಚು ಸ್ನೇಹ, ಹೆಚ್ಚು ಲವಲವಿಕೆ ಕೇಳುಗರಿಗೆ ಕಂಡಿತು. ನಾವು ಜನರನ್ನು ಹೇಗೆ ಎಣಿಸಿ ಮಾತಾಡಿಸುತ್ತೇವೋ ಅವರು ಹಾಗೇ ಆಗುತ್ತಾ ಬರುತ್ತಾರೆ. ನಿಮ್ಮ ತಂಡದವರು ನಿಮ್ಮೆದುರು ಮಾತು ನುಂಗಿಕೊಳ್ಳುತ್ತಿದ್ದರೆ, ನೀವು ಬಂದೊಡನೆ ನಗು ನಿಂತುಹೋಗುತ್ತಿದ್ದರೆ, ಅದು ಅವರ ಸ್ವಭಾವ ಎಂದುಕೊಳ್ಳಬೇಡಿ. ಅದರಲ್ಲಿ ನಿಮ್ಮ ಪಾಲೂ ಇದೆ. ಪಾಲು ಇರುವುದರಿಂದಲೇ, ನಿಮ್ಮ ಕಡೆಯಿಂದ ಬದಲಿಸಲೂ ಆಗುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ವೃತ್ತಿಗೆ ಬಂದ ಹೊಸದರಲ್ಲಿ ಎದುರಿಗೆ ಕೂತವರ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದೆ. ಅವರ ಕಷ್ಟದ ಒಂದು ಎಳೆಯೂ ತಪ್ಪಿಹೋಗಬಾರದು ಎಂಬ ಕಾಳಜಿ. ಒಬ್ಬ ಹಿರಿಯರು ಮೂರನೆಯ ಭೇಟಿಯಲ್ಲಿ, ತೀರಿಕೊಂಡ ಮಗನ ವಿಷಯ ಹೇಳುತ್ತಿದ್ದವರು ನಡುವೆಯೇ ನಿಲ್ಲಿಸಿ, “ಡಾಕ್ಟ್ರೇ, ನಿಮಗೆ ಸಾಕಾಗಿದ್ದರೆ ಹೇಳಿಬಿಡಿ, ನಾನು ಏಳುತ್ತೇನೆ” ಎಂದರು. ನಾನು ತಲೆ ಎತ್ತಿದೆ. ಅವರ ಕಣ್ಣು ತುಂಬಿತ್ತು. ಅಷ್ಟು ಹೊತ್ತು ಅವರು ನೋಡುತ್ತಿದ್ದದ್ದು ನನ್ನ ನೆತ್ತಿಯನ್ನು. ನನ್ನ ಕಾಳಜಿ ಪೂರ್ತಿ ಕಾಗದದ ಮೇಲಿತ್ತು, ಅವರಿಗೆ ಕಾಣುವ ಜಾಗದಲ್ಲಿ ಇರಲಿಲ್ಲ. ಅಂದಿನಿಂದ, ಬಂದವರು ಹೋದ ಮೇಲೆ ಬರೆದುಕೊಳ್ಳುವುದನ್ನು ರೂಢಿಸಿಕೊಂಡೆ. ಕೆಲವು ವಿವರ ತಪ್ಪಿಹೋಗುತ್ತವೆ, ಹೋಗಲಿ. ಆ ಹಿರಿಯರ ಮಾತು ನೆನಪಾದಾಗ ಈಗಲೂ ಎದೆ ಭಾರವಾಗುತ್ತದೆ.

ಸಂಕೋಚದಲ್ಲೂ ಇದೇ ಆಗುತ್ತದೆ. ಸಾಮಾಜಿಕ ಆತಂಕ ಹೇಗೆ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ ಎಂಬುದನ್ನು ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದರು. ಅಂಜಿಕೆಯಿರುವವರು ತಮ್ಮ ರಕ್ಷಣೆಗೆಂದು ಕೆಲವು ನಡೆಗಳನ್ನು ರೂಢಿಸಿಕೊಂಡಿರುತ್ತಾರೆ: ಕಣ್ಣು ತಪ್ಪಿಸುವುದು, ಮಾತಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುವುದು, ತುಟಿ ಬಿಗಿಹಿಡಿಯುವುದು, ಮೊಬೈಲ್ ಹಿಡಿದು ನಿಲ್ಲುವುದು, ಚುಟುಕಾಗಿ ಉತ್ತರಿಸಿ ಹೊರಟುಬಿಡುವುದು. ಗಮನವೆಲ್ಲ ತಮ್ಮ ಮೇಲೆ, ನಾನು ಹೇಗೆ ಕಾಣುತ್ತಿದ್ದೇನೆ ಎಂಬುದರ ಮೇಲೆ. ಹಾಗಾಗಿ ಎದುರಿನವರ ಮುಖದಲ್ಲಿ ಅರಳಿದ ನಗು ಕೂಡ ಕಣ್ಣಿಗೆ ಬೀಳುವುದಿಲ್ಲ. ಈಗ ಈ ನಡೆಗಳನ್ನು ಒಂದೊಂದಾಗಿ ಹೊರಗಿನಿಂದ ನೋಡಿ. ತಾತ್ಸಾರ ಮಾಡುವವರೂ ಕಣ್ಣು ತಪ್ಪಿಸುತ್ತಾರೆ, ತಾತ್ಸಾರ ಮಾಡುವವರೂ ಚುಟುಕಾಗಿ ಉತ್ತರಿಸುತ್ತಾರೆ. ಹೆದರಿಕೆ ಮತ್ತು ಹೆಮ್ಮೆ ಎರಡೂ ಒಂದೇ ಬಟ್ಟೆ ತೊಟ್ಟು ಓಡಾಡುತ್ತವೆ. ಗುರುತಿಸಲಾಗದೆ ಹೋದದ್ದು ನಿಮ್ಮ ತಂಡದ ತಪ್ಪಲ್ಲ.

ಹಾಗಾದರೆ ಸ್ವಭಾವ ಬದಲಿಸಿಕೊಳ್ಳಬೇಕೇ? ಬೇಡ. ಫಿಲಿಪ್ ಜಿಂಬಾರ್ಡೊ 1970ರ ದಶಕದಲ್ಲಿ ಸಂಕೋಚದ ಬಗ್ಗೆ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು ಶೇ. 40ರಷ್ಟು ಜನ ತಾವು ಸಂಕೋಚದವರೆಂದೇ ಹೇಳಿಕೊಂಡಿದ್ದರು. ನಿಮ್ಮ ತಂಡದ ಏಳು ಜನರಲ್ಲೂ ಒಬ್ಬಿಬ್ಬರು ನಿಮ್ಮಂತೆಯೇ ಮಾತಿಗೆ ತಡಕಾಡುವವರು ಇರಬಹುದು, ನೀವು ಮೊದಲು ಮಾತಾಡಿಸಲೆಂದು ಕಾಯುತ್ತಿರಬಹುದು. ನೀವು ಹರಟೆಮಲ್ಲಿ ಆಗಬೇಕಿಲ್ಲ. ನಗುನಗುತ್ತಾ ಎಲ್ಲರ ಬೆನ್ನು ತಟ್ಟುವ ವೇಷ ಹಾಕಿದರೆ ಅದು ಎರಡನೆಯ ದಿನಕ್ಕೇ ಕಳಚಿ ಬೀಳುತ್ತದೆ. ಆಗ ಬಿಗುಮಾನದ ಜೊತೆಗೆ ನಾಟಕ ಎಂಬ ಹೆಸರೂ ಸೇರುತ್ತದೆ. ನಿಮ್ಮೊಳಗೆ ಈಗಾಗಲೇ ಇರುವುದು ಕಣ್ಣಿಗೆ ಬೀಳುವಂತಾದರೆ ಸಾಕು.

ಬೆಳಿಗ್ಗೆ ಬಂದಾಗ ನೀವೇ ಮೊದಲು ಮಾತಾಡಿಸಿ. ಹೆಸರು ಹಿಡಿದು, ಮುಖ ನೋಡಿ, ಎರಡು ಸೆಕೆಂಡು ನಿಂತು. ಆಮೇಲೆ ಬೇಕಾದರೆ ನಿಮ್ಮ ಕುರ್ಚಿಗೆ ಹೋಗಿ ಮಧ್ಯಾಹ್ನದವರೆಗೂ ಬಾಯಿ ಬಿಡಬೇಡಿ, ಅಡ್ಡಿಯಿಲ್ಲ. ಮೇಲಿನವರು ಮೊದಲು ಮಾತಾಡಿಸಿದರು ಎಂಬುದು ಇಡೀ ದಿನದ ಮೌನಕ್ಕೆ ಬೇರೆ ಬಣ್ಣ ಕೊಡುತ್ತದೆ.

ಒಳಗೆ ನಡೆಯುತ್ತಿರುವುದನ್ನು ಒಂದು ವಾಕ್ಯದಲ್ಲಿ ಹೊರಗೆ ಹೇಳಿ. ಇದನ್ನು ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತೇನೆ. ಯಾರಾದರೂ ಬಂದು ಏನೋ ಕೇಳುತ್ತಾರೆ, ನಿಮಗೆ ಯೋಚಿಸಬೇಕಿದೆ, ನೀವು ಪರದೆ ನೋಡುತ್ತಾ ಮೌನವಾಗುತ್ತೀರಿ. ಅವರಿಗೆ ಅದು ತಿರಸ್ಕಾರ. “ಒಳ್ಳೆಯ ಪ್ರಶ್ನೆ, ನನಗೆ ಹತ್ತು ನಿಮಿಷ ಯೋಚಿಸಬೇಕು, ನಾನೇ ಬಂದು ಹೇಳುತ್ತೇನೆ” ಎಂದರೆ ಅದೇ ಮೌನ ಗೌರವವಾಗುತ್ತದೆ. ಸಭೆಯಲ್ಲಿ ಹುಬ್ಬು ಗಂಟಿಕ್ಕಿಕೊಂಡು ಕೇಳುವ ಅಭ್ಯಾಸವಿದ್ದರೆ, “ಗಮನವಿಟ್ಟು ಕೇಳುವಾಗ ನನ್ನ ಮುಖ ಸಿಡುಕಿನಂತೆ ಕಾಣುತ್ತದಂತೆ, ತಪ್ಪು ತಿಳಿಯಬೇಡಿ, ಮುಂದುವರಿಸಿ” ಎಂದು ಒಂದು ಸಲ ಹೇಳಿಬಿಡಿ. ಹಾಗೆಯೇ ಸಂದೇಶಗಳು. ‘ಸರಿ’, ‘ನೋಡಿದೆ’, ‘ತಿದ್ದಿ ಕಳಿಸಿ’ ಎಂಬ ಒಂಟಿ ಪದಗಳಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಓದುವವರು ತಮ್ಮ ಮನಸ್ಸಿನಲ್ಲಿ ಆಗಲೇ ಇರುವ ನಿಮ್ಮ ದನಿಯನ್ನು ಅದಕ್ಕೆ ತುಂಬಿಕೊಳ್ಳುತ್ತಾರೆ. ಸದ್ಯಕ್ಕೆ ಆ ದನಿ ಬಿಗುಮಾನದ್ದು. ‘ನೋಡಿದೆ, ಎರಡನೆಯ ಭಾಗ ತುಂಬ ಸ್ಪಷ್ಟವಾಗಿದೆ, ಮೂರನೆಯದನ್ನು ಮಾತ್ರ ಇನ್ನೊಮ್ಮೆ ನೋಡೋಣ’ ಎಂದು ಬರೆಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ತಪ್ಪು ಉಳಿಯಗೊಡುವುದಿಲ್ಲ ಎಂದಿದ್ದೀರಿ. ಬೇರೆಯವರ ತಪ್ಪನ್ನು ಎಲ್ಲಿ, ಯಾರೆದುರು ತಿದ್ದುತ್ತೀರಿ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಕೆಲಸ ಚೊಕ್ಕಟವಾಗಿರಬೇಕೆಂಬ ಆಸೆಯಿಂದ ನಾಲ್ಕು ಜನರ ನಡುವೆ ತಿದ್ದಿದರೆ, ತಿದ್ದಿಸಿಕೊಂಡವರಿಗೆ ತಪ್ಪು ಮರೆತುಹೋಗಿ ಅವಮಾನ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ‘ಮನುಷ್ಯರೇ ಅಲ್ಲ’ ಎಂಬಷ್ಟು ಕಹಿಯಾದ ಮಾತು ಬರೀ ಮೌನದಿಂದ ಬರುವುದು ಕಡಿಮೆ. ಅಂಥದ್ದೊಂದು ಘಟನೆ ಎಲ್ಲೋ ಇದ್ದೀತು. ಇದ್ದರೆ, ಅದಕ್ಕಷ್ಟೇ ಸೀಮಿತವಾಗಿ ಕ್ಷಮೆ ಕೇಳಿ.

ಕಣ್ಣಿಗೆ ಕಾಣದ ಒಂದೆರಡು ಅಭ್ಯಾಸಗಳು ಎಲ್ಲರಲ್ಲೂ ಇರುತ್ತವೆ. ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕದಂಥ ಒಳಗಿನ ಸ್ಥಿತಿಯನ್ನು ನಾವೇ ಚೆನ್ನಾಗಿ ಬಲ್ಲೆವು, ಆದರೆ ಬುದ್ಧಿಶಕ್ತಿ, ಸೃಜನಶೀಲತೆಗಳಂಥ ಒಳ್ಳೆಯದು-ಕೆಟ್ಟದ್ದೆಂಬ ತೂಕವಿರುವ ಗುಣಗಳಲ್ಲಿ ಗೆಳೆಯರ ಅಂದಾಜೇ ನಮ್ಮದಕ್ಕಿಂತ ವಾಸ್ತವಕ್ಕೆ ಹತ್ತಿರ ಎಂದು ಕಂಡಿತು. ಆದ್ದರಿಂದ ನಿಮ್ಮ ಬಗ್ಗೆ ಪ್ರೀತಿಯಿರುವ, ಆದರೆ ಮುಖಸ್ತುತಿ ಮಾಡದ ಒಬ್ಬರನ್ನು ಕೇಳಿ. ‘ನಾನು ಹೇಗೆ’ ಎಂದು ಕೇಳಬೇಡಿ, ‘ಚೆನ್ನಾಗಿದ್ದೀಯ ಬಿಡು’ ಎನ್ನುತ್ತಾರೆ. ‘ನಾನು ದೂರ ಇಡುತ್ತಿದ್ದೇನೆ ಎಂದು ನಿನಗೆ ಯಾವಾಗ ಅನ್ನಿಸಿದೆ? ಆಗ ನಾನು ಏನು ಮಾಡುತ್ತಿದ್ದೆ?’ ಎಂದು ಕೇಳಿ. ಓರಗಿತ್ತಿಯ ಜೊತೆ ಈಗ ಸಲಿಗೆ ಬೆಳೆದಿದ್ದರೆ ಅವರೇ ತಕ್ಕವರು. ಹೊಸದರಲ್ಲಿ ಹಾಗೆ ಅನ್ನಿಸಿ ಆಮೇಲೆ ಅಭಿಪ್ರಾಯ ಬದಲಾಯಿತೇ, ಬದಲಾಯಿಸಿದ್ದು ಏನು ಎಂಬುದು ಅವರಿಗಷ್ಟೇ ಗೊತ್ತು. ಉತ್ತರ ಬಂದಾಗ ಸಮಜಾಯಿಷಿ ಕೊಡಲು ಹೋಗಬೇಡಿ, ಕೇಳಿಸಿಕೊಳ್ಳಿ ಸಾಕು.

ಇಷ್ಟೆಲ್ಲ ಓದಿ, ಇನ್ನು ಮುಂದೆ ಪ್ರತಿ ಮಾತನ್ನೂ ತಕ್ಕಡಿಗೆ ಹಾಕಬೇಕೇನೋ ಎಂದು ಗಾಬರಿಯಾಗಬೇಡಿ. ನಾವು ಎಣಿಸಿದಷ್ಟು ಜನ ನಮ್ಮನ್ನು ಗಮನಿಸುವುದೇ ಇಲ್ಲ. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರಿಸುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಂದು ಕೋಣೆಯೊಳಗೆ ಕಳಿಸಿದ್ದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂಬುದು ತೊಟ್ಟವರ ಲೆಕ್ಕ. ನಿಜಕ್ಕೂ ಗಮನಿಸಿದ್ದವರು ಕಾಲುಭಾಗದಷ್ಟು. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಹೋದ್ಯೋಗಿಗಳು, ಹೊಸಬರೊಡನೆ ಮಾತಾಡಿ ಎದ್ದ ಜನ, ತಾವು ಎದುರಿನವರಿಗೆ ನಿಜಕ್ಕೂ ಎಷ್ಟು ಇಷ್ಟವಾಗಿದ್ದಾರೋ ಅದಕ್ಕಿಂತ ಕಡಿಮೆಯೇ ಇಷ್ಟವಾಗಿದ್ದೇವೆ ಎಂದುಕೊಳ್ಳುವುದನ್ನು ತೋರಿಸಿದರು. ನಿಮ್ಮ ದನಿ ನಡುಗಿದ್ದು, ಪದಕ್ಕೆ ತಡವರಿಸಿದ್ದು, ಕೆನ್ನೆ ಕೆಂಪಾದದ್ದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಉಳಿದರೂ ಅದು ನಿಮ್ಮನ್ನು ಅವರಿಗೆ ಹತ್ತಿರವೇ ತರುತ್ತದೆ. ನೀವು ಮುಚ್ಚಿಡುತ್ತಿರುವ ತಡವರಿಕೆ ಬಹುಶಃ ನಿಮ್ಮ ಬಗ್ಗೆ ಅವರಿಗೆ ಅತ್ಯಂತ ಇಷ್ಟವಾಗಬಹುದಾದ ಸಂಗತಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ನಡೆ ಜನರ ಅಭಿಪ್ರಾಯವನ್ನು ರೂಪಿಸುತ್ತದೆ ಎಂದರೆ ಪೂರ್ತಿ ರೂಪಿಸುತ್ತದೆ ಎಂದಲ್ಲ. ನೋಡುವವರ ಕಣ್ಣಿನಲ್ಲೂ ಬಣ್ಣವಿರುತ್ತದೆ. ಗಂಡಸು ಮಿತಭಾಷಿಯಾದರೆ ಗಂಭೀರ, ಹೆಂಗಸು ಮಿತಭಾಷಿಯಾದರೆ ಜಂಬ ಎನ್ನುವ ಅಳತೆಗೋಲು ಎಷ್ಟೋ ಕಚೇರಿಗಳಲ್ಲಿ ಇನ್ನೂ ಇದೆ. ಅದು ಅನ್ಯಾಯ. ಆ ಅನ್ಯಾಯದ ಹೊಣೆಯನ್ನು ನೀವು ಹೊರಬೇಕಿಲ್ಲ. ನಿಮ್ಮ ಬಡ್ತಿಯನ್ನೇ ಸಹಿಸದ ಒಬ್ಬರಿದ್ದರೆ ನೀವು ನಕ್ಕರೂ ತಪ್ಪು, ನಗದಿದ್ದರೂ ತಪ್ಪು. ಅಂಥವರನ್ನು ಒಲಿಸಲು ಹೋಗಿ ಸವೆಯಬೇಡಿ. ಗುರುತಿಸುವುದು ಹೇಗೆ ಎಂದರೆ, ನೀವು ಎರಡು ಮೂರು ತಿಂಗಳು ನಡೆ ಬದಲಿಸಿದಾಗ ಹೆಚ್ಚಿನವರ ನಡೆ ಬದಲಾಗುತ್ತದೆ, ಅವರದು ಬದಲಾಗುವುದಿಲ್ಲ. ಇನ್ನೂ ಒಂದು ಮಾತು: ನೀವು ಕೇಳಿದ್ದು ಒಬ್ಬಾಕೆಯ ಮಾತು. ಪತ್ರದಲ್ಲಿ ಅದು ‘ಅವರು’ ಆಗಿದೆ. ಒಬ್ಬರಿಗೆ ಅನ್ನಿಸಿದ್ದು ಎಲ್ಲರಿಗೂ ಅನ್ನಿಸಿದೆ ಎಂದು ಮನಸ್ಸು ಗುಣಿಸಿಕೊಳ್ಳುತ್ತದೆ. ಏಳು ಜನರ ಮನಸ್ಸಿನಲ್ಲಿ ಏಳು ಬೇರೆ ಬೇರೆ ನೀವು ಇದ್ದೀರಿ.

ಆತಂಕ ಇದಕ್ಕಿಂತ ಆಳದ್ದಾಗಿದ್ದರೆ, ಅಂದರೆ ಸಭೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಎದೆಬಡಿತ, ಜನರಿದ್ದಲ್ಲಿಗೆ ಹೋಗುವುದನ್ನೇ ತಪ್ಪಿಸುವುದು ತಿಂಗಳುಗಟ್ಟಲೆ ನಡೆದಿದ್ದರೆ, ಮನಶ್ಶಾಸ್ತ್ರಜ್ಞರನ್ನು ನೇರವಾಗಿ ಕಾಣಿ. ಸಾಮಾಜಿಕ ಆತಂಕಕ್ಕೆ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಯೋಚನೆ ಮತ್ತು ನಡೆಗಳನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ, ಚೆನ್ನಾಗಿ ಫಲ ಕೊಡುತ್ತದೆ. ಅದರಲ್ಲಿ ನಿಮ್ಮದೇ ಸಂಭಾಷಣೆಯ ವೀಡಿಯೊ ತೆಗೆದು ನಿಮಗೇ ತೋರಿಸುವ ಒಂದು ಹಂತವೂ ಇರುವುದುಂಟು. ತಾವು ಭಯಪಟ್ಟಷ್ಟು ಕೆಟ್ಟದಾಗಿ ಕಾಣುತ್ತಿಲ್ಲ ಎಂದು ಆ ಪರದೆಯ ಮುಂದೆ ಕೂತು ಹಲವರು ಮೊದಲ ಬಾರಿಗೆ ಕಂಡುಕೊಳ್ಳುತ್ತಾರೆ.

ಇನ್ನು ಆಕೆಯನ್ನು ಕೂರಿಸಿಕೊಂಡು ‘ನಾನು ಅಂಥವಳಲ್ಲ’ ಎನ್ನುವ ವಿಚಾರ. ದಯವಿಟ್ಟು ಬೇಡ. ಬೆನ್ನ ಹಿಂದೆ ಆಡಿದ ಮಾತು ಮೇಲಧಿಕಾರಿಯ ಕಿವಿಗೆ ಬಿದ್ದಿದೆ ಎಂದು ಗೊತ್ತಾದ ಗಳಿಗೆಯಿಂದ ಆಕೆಗೆ ಭಯ ಶುರುವಾಗುತ್ತದೆ. ನಿಮ್ಮ ವಿವರಣೆ ಕಿವಿಗೆ ಹೋಗುವುದೇ ಇಲ್ಲ. ಬದಲಿಗೆ ನಾಳೆ ಮಧ್ಯಾಹ್ನ ಊಟಕ್ಕೆ ಅವರಿರುವ ಮೇಜಿಗೇ ಹೋಗಿ. “ಎರಡು ತಿಂಗಳಿಂದ ಒಬ್ಬಳೇ ಊಟ ಮಾಡುತ್ತಿದ್ದೆ, ಸರಿಹೋಗಲಿಲ್ಲ, ಇಲ್ಲಿ ಕೂರಲೇ?” ಎಂದು ಕೇಳಿ. ಮೊದಲ ದಿನ ಮೇಜು ಸುಮ್ಮನಾಗುತ್ತದೆ. ಎರಡನೆಯ ದಿನವೂ ಆಗಬಹುದು. ಅದನ್ನು ನಿರಾಕರಣೆ ಎಂದು ಓದಬೇಡಿ, ಅವರಿಗೂ ಏನು ಮಾತಾಡಬೇಕೆಂದು ತೋಚುತ್ತಿಲ್ಲ ಅಷ್ಟೇ. ಅವರಲ್ಲೊಬ್ಬರು ಏನಾದರೂ ಹೇಳಿದರೆ, ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳಿ. ನಿಮ್ಮ ಬಗ್ಗೆ ಹೇಳಿಕೊಳ್ಳುವುದು ಕಷ್ಟವಾದವರಿಗೆ ಇನ್ನೊಬ್ಬರ ಬಗ್ಗೆ ಕೇಳುವುದು ಎಷ್ಟೋ ಸುಲಭ.

ಹೊಸಬರಿಬ್ಬರ ವಿಷಯ. ಹೆರಾಲ್ಡ್ ಕೆಲ್ಲಿ 1950ರಲ್ಲಿ ಒಬ್ಬ ಅತಿಥಿ ಉಪನ್ಯಾಸಕರನ್ನು ತರಗತಿಗೆ ಕಳಿಸುವ ಮುನ್ನ ವಿದ್ಯಾರ್ಥಿಗಳಿಗೆ ಅವರ ಪರಿಚಯಪತ್ರ ಹಂಚಿದ್ದರು. ಅರ್ಧ ಜನರ ಪತ್ರದಲ್ಲಿ ‘ತುಂಬ ಆತ್ಮೀಯರು’ ಎಂದಿತ್ತು, ಉಳಿದವರದರಲ್ಲಿ ‘ತುಸು ಭಾವಶೂನ್ಯರು’ ಎಂದಿತ್ತು. ಕೇಳಿದ್ದು ಒಬ್ಬರದೇ ಪಾಠ, ಒಂದೇ ಕೋಣೆಯಲ್ಲಿ. ಆದರೂ ಚರ್ಚೆಯಲ್ಲಿ ಮೊದಲ ಗುಂಪಿನ ಶೇ. 56ರಷ್ಟು ಜನ ಮಾತಾಡಿದರೆ, ಎರಡನೆಯ ಗುಂಪಿನಲ್ಲಿ ಮಾತಾಡಿದವರು ಶೇ. 32. ನಿಮ್ಮ ಹೊಸಬರಿಗೂ ಅಂಥ ಪರಿಚಯಪತ್ರವೊಂದು ಯಾರ ಬಾಯಿಂದಲಾದರೂ ಸಿಕ್ಕೇ ಸಿಗುತ್ತದೆ. ಅದು ಸಿಗುವ ಮೊದಲೇ ಅವರನ್ನು ನೀವು ಭೇಟಿಯಾಗಿರಬೇಕು. ಅವರು ಬರುವ ಬೆಳಿಗ್ಗೆ ಸ್ವಲ್ಪ ಬೇಗ ಬನ್ನಿ, ಬಾಗಿಲ ಹತ್ತಿರ ನಿಂತಿರಿ, ಅವರ ಜಾಗಕ್ಕೆ ನೀವೇ ಕರೆದುಕೊಂಡು ಹೋಗಿ. “ಹೊಸಬರ ಜೊತೆ ನನಗೆ ಬೇಗ ಮಾತು ಬರುವುದಿಲ್ಲ, ಸ್ವಲ್ಪ ದಿನ ಹಿಡಿಯುತ್ತದೆ. ಆದರೆ ಏನೇ ಇದ್ದರೂ ನನ್ನ ಹತ್ತಿರ ಬನ್ನಿ, ನೀವು ಬಂದರೆ ನನಗೆ ಸಂತೋಷವಾಗುತ್ತದೆ” ಎನ್ನಿ. ನನಗೆ ಬರೆದ ಪತ್ರದಲ್ಲಿ ನೀವು ಇದನ್ನೇ ಹೇಳಿದ್ದೀರಿ, ಅವರೆದುರೂ ಹೇಳಬಲ್ಲಿರಿ. ಎರಡು ತಿಂಗಳು ಕಳೆದ ಮೇಲೆ, ಊಟದ ಮೇಜಿನಲ್ಲಿ ಏನಾಯಿತು ಎಂದು ದಯವಿಟ್ಟು ಮತ್ತೆ ಬರೆಯಿರಿ. ಕಾಯುತ್ತಿರುತ್ತೇನೆ.